ಐದು ಹತ್ತರ ಚಹಾ

ನಮ್ಮ ಸಂಗೀತದ ಸರ್ ಓಡುತ್ತಿದ್ದರು. ಸಂಜೆ ಐದಕ್ಕೆ ಶಾಲೆ ಬಿಡುವ ಗಂಟೆ ಹೊಡೆದದ್ದೇ ತಡ, ಹಾರ್ಮೋನಿಯಂ ಮುಚ್ಚಿ, ಅದರ ಮೇಲೆ ಹಳೆಯ ಹೂವಿನ ಚಾದರ ಎಳೆದು, ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಕಾಲಲ್ಲಿ ಹುಡುಕುತ್ತಲೇ ಸೈಕಲ್ಲಿನ ಕಡೆ ಧಾವಿಸುವರು. ನಲವತ್ತು ದಾಟಿದ, ಸಣ್ಣಗೆ ಹೊಟ್ಟೆ ಬಂದ ಮನುಷ್ಯ ಹಾಗೆ ಓಡುವುದನ್ನು ಕಂಡು ಇಡೀ ಶಾಲೆ ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಾನು.

ಅದು ಸಂಭಾಜಿನಗರದ ಚಿಕಲಠಾಣಾದಲ್ಲಿದ್ದ ಮರಾಠಿ ಶಾಲೆ. ಕಲಬುರಗಿ ಕಡೆಯಿಂದ ಬಂದು ಅಪ್ಪ ಅಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ತರಗತಿಯಲ್ಲಿ ಕನ್ನಡ ಬರುತ್ತಿದ್ದದ್ದು ಇಬ್ಬರಿಗೇ, ನನಗೆ ಮತ್ತು ನಮ್ಮ ಓಣಿಯ ಗೆಳತಿಗೆ. ಯಾರನ್ನು ಬೇಕಾದರೂ ಅವರ ಎದುರಿಗೇ ಬೈಯಬಹುದು, ಮುಖದ ಮೇಲೊಂದು ನಗು ಇಟ್ಟುಕೊಂಡರೆ ಸಾಕು. ಈ ಸುಖ ಕನ್ನಡ ಶಾಲೆಯಲ್ಲಿ ಕಲಿತವರಿಗೆ ಎಲ್ಲಿಂದ ಗೊತ್ತಾಗಬೇಕು! ಗಣಿತದ ಮೇಡಂ, ಹೆಡ್ ಮಾಸ್ತರು, ಯಾರನ್ನೂ ನಾನು ಬಿಟ್ಟವಳಲ್ಲ. ನನ್ನ ನಾಲಿಗೆ ಆಗಲೂ ಹಾಗೇ, ಈಗಲೂ ಹಾಗೇ.

ಆದರೆ ಸರ್ ಎಂದರೆ ನನಗೆ ಪ್ರಾಣ. ಅವರು ಬೇರೆ ಮಾಸ್ತರರ ಹಾಗೆ ತಮ್ಮ ಶ್ರುತಿ ಹಿಡಿದು ಮಕ್ಕಳನ್ನು ಅದಕ್ಕೆ ಎಳೆಯುತ್ತಿರಲಿಲ್ಲ. ಮೊದಲು ನಮ್ಮಿಂದ 'ಸಾ' ಹಾಡಿಸುವರು. ಕಣ್ಣು ಮುಚ್ಚಿ ಕೇಳಿ, ಆಮೇಲೆ ಹಾರ್ಮೋನಿಯಂ ಮೇಲೆ ಬೆರಳಾಡಿಸಿ, ಆ ದನಿ ಆರಾಮವಾಗಿ ನಿಲ್ಲುವ ಮನೆ ಹುಡುಕುವರು. ನನ್ನದು ಕರಿ ಒಂದು, ಅಂದರೆ ಮೊದಲ ಕಪ್ಪು ಮನೆ. ನಾಲ್ಕು ಜನರ ಮುಂದೆ ಬಾಯಿ ಬಿಡಬಲ್ಲೆ ಎಂಬ ಧೈರ್ಯ ನನಗೆ ಬಂದದ್ದು ಅಲ್ಲಿಂದ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಾಸಿಕದಲ್ಲಿ ಶಾಲೆಗಳ ಸಮೂಹಗಾನ ಸ್ಪರ್ಧೆ ಇತ್ತು. ಮುಂದೆ ನಿಂತು ಎತ್ತಿ ಹಾಡುವವಳು ನಾನೇ. ಬೇರೆ ಶಾಲೆಯವರು ಶಾಲೆ ಬಿಟ್ಟ ಮೇಲೂ ಕೂತು ಅಭ್ಯಾಸ ಮಾಡುತ್ತಿದ್ದಾರೆಂದು ಸುದ್ದಿ ಬಂತು. ನಮ್ಮ ಸರ್ ಮಾತ್ರ ಊಟದ ಬಿಡುವಿನಲ್ಲಿ ಕಲಿಸುವರು, ಶಾಲೆ ಶುರುವಾಗುವ ಒಂದು ತಾಸು ಮೊದಲೇ ಬಂದು ಕಲಿಸುವರು. ಸಂಜೆ ಮಾತ್ರ ಹತ್ತು ನಿಮಿಷ ಕೇಳಿದರೂ ಇಲ್ಲ. ನನಗೆ ಗೆಲ್ಲಬೇಕಿತ್ತು. ಹೊಟ್ಟೆ ಉರಿಯಿತು. ಒಂದು ದಿನ ಗಂಟೆ ಹೊಡೆದು ಅವರು ಚಾದರ ಎಳೆಯುತ್ತಿದ್ದಾಗ, ನಗುನಗುತ್ತಲೇ ಗೆಳತಿಗೆ ಹೇಳಿದೆ:

"ನೋಡವಾ, ಓಡ್ಲಕತ್ತಾನ ಮುದುಕ. ಹೆಂಡ್ತಿ ಸೆರಗ ಹಿಡಕೊಂಡ ತಿರಗಾವ ಇಂವ. ಹತ್ತ ನಿಮಿಷ ತಡ ಆದ್ರ ಆಕಿ ಲಟ್ಟಣಗಿ ತಗೊಂಡ ಬಡೀತಾಳ ಕಾಣ್ತದ."

ಸರ್ ಒಂದು ಕ್ಷಣ ಚಾದರ ಹಿಡಿದು ನಿಂತರು. ಆಮೇಲೆ ಚಪ್ಪಲಿ ಹುಡುಕುತ್ತ ಹೊರಟರು. ಅಂದಿನಿಂದ ದಿನಾ ಒಂದೊಂದು ಹೊಸ ಬೈಗುಳ ಕಟ್ಟುವುದು ನನಗೆ ಚಟವೇ ಆಯಿತು.

ಸ್ಪರ್ಧೆಯ ದಿನ ಬೆಳಿಗ್ಗೆ ಕೆಂಪು ಬಸ್ಸು ಹತ್ತಿ ನಾಸಿಕಕ್ಕೆ ಹೋದೆವು. ನಮ್ಮ ಸರದಿ ಬರುವ ಹೊತ್ತಿಗೆ ಸಂಜೆಯಾಯಿತು. ಹೆಸರು ಕೂಗಿದಾಗ ಸರ್ ಇಲ್ಲ! ಹುಡುಕುತ್ತ ಹೊರಗೆ ಓಡಿದೆ. ಚಹಾದ ಗಾಡಿಯ ಪಕ್ಕದಲ್ಲಿ, ನನಗೆ ಬೆನ್ನು ಹಾಕಿ ನಿಂತಿದ್ದರು. ಒಂದು ಕೈಯಲ್ಲಿ ಚಹಾ, ಒಂದು ಕೈಯಲ್ಲಿ ಫೋನು.

"ನಾನೂ ಚಾ ತಗೊಂಡೀನಿ, ನೀ ಕುಡಿ. ಏನೂ ಮಾತಾಡಬ್ಯಾಡ, ಸುಮ್ಮ ಫೋನ್ ಹಿಡಕೊಂಡ ಕುಡಿ. ಇಬ್ರೂ ಕೂಡೇ ಕುಡದಂಗ ಆಗ್ತದ."

ನಮ್ಮ ಮನೆಯ ಕನ್ನಡ. ನನ್ನ ಅಪ್ಪ ಆಡುವ ಮಾತು. ಎರಡು ತಿಂಗಳಿನಿಂದ ಆಡಿದ್ದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಸರ್ ತಿರುಗಿ ನನ್ನನ್ನು ಕಂಡರು. ಅವರ ಮುಖವೂ ಕಳ್ಳ ಸಿಕ್ಕಿಬಿದ್ದ ಹಾಗಾಯಿತು. ಕಪ್ಪು ಕೆಳಗಿಟ್ಟು ಮರಾಠಿಯಲ್ಲಿ, "ನಂಬರ್ ಆಲಾ ಕಾ?" ಎಂದು, ಸರದಿ ಬಂತೇ ಅಂತಷ್ಟೇ ಕೇಳಿ ಒಳಗೆ ನಡೆದರು.

ವೇದಿಕೆ ಮೇಲೆ ನಿಂತೆ. 'ಸಾ' ಅಂದರೆ ಗಂಟಲಿಂದ ಗಾಳಿಯೇ ಬಂತು. ಸರ್ ಕಣ್ಣು ಮುಚ್ಚಿ ಕೇಳಿದರು. ಎಷ್ಟೋ ವಾರ ಕರಿ ಒಂದರಲ್ಲಿ ತಾಲೀಮು ಮಾಡಿದ ಹಾಡನ್ನು, ಆ ನಿಮಿಷದಲ್ಲಿ ಒಂದು ಮನೆ ಕೆಳಗಿಳಿಸಿ ಬಿಳಿ ಒಂದಕ್ಕೆ ತಂದರು. ಉಳಿದವರಿಗೆ ಬೆರಳಲ್ಲಿ ಸನ್ನೆ ಮಾಡಿದರು. ನನ್ನ ದನಿ ಅಲ್ಲಿ ಹೇಗೋ ಕಾಲೂರಿತು. ಮೂರನೇ ಬಹುಮಾನ ಬಂತು. ವಾಪಸು ಬರುವಾಗ ನಾನು ಕಿಟಕಿಗೆ ಹಣೆ ಹಚ್ಚಿ ನಿದ್ದೆ ಬಂದವಳ ಹಾಗೆ ನಟಿಸಿದೆ.

ತಪ್ಪಾಯಿತು ಎನ್ನಬೇಕಿತ್ತು. ನಾಳೆ ಅನ್ನೋಣ, ನಾಡಿದ್ದು ಅನ್ನೋಣ ಎಂದು ಮುಂದೂಡಿದೆ. ಶಾಲೆಯಲ್ಲಿ ಕನ್ನಡ ಆಡುವುದನ್ನು ಮಾತ್ರ ಅವತ್ತೇ ಬಿಟ್ಟೆ. ಗೆಳತಿ ಕನ್ನಡದಲ್ಲಿ ಕೇಳಿದರೂ ಮರಾಠಿಯಲ್ಲೇ ಉತ್ತರ. ಸರ್ ಎಂದಿನ ಹಾಗೇ ಕಲಿಸಿದರು, ಎಂದಿನ ಹಾಗೇ ಓಡಿದರು. ಹತ್ತನೆಯದು ಮುಗಿಯಿತು. ಮುಂದೆ ನಾಸಿಕಕ್ಕೇ ಮದುವೆಯಾಗಿ ಹೋದೆ, ಅಲ್ಲೇ ಕೆಲಸ ಹಿಡಿದೆ. ತಪ್ಪಾಯಿತು ಎಂಬ ಮಾತು ಬಾಯಲ್ಲೇ ಉಳಿಯಿತು.

ಹೋದ ತಿಂಗಳು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಸರ್ ತೀರಿಕೊಂಡ ಸುದ್ದಿ ಬಂತು. ಅಳು ಬರುವ ಮೊದಲು ನನ್ನ ಮೇಲೇ ಸಿಟ್ಟು ಬಂತು. ಭಾನುವಾರ ಸಂಭಾಜಿನಗರದ ಬಸ್ಸು ಹತ್ತಿದೆ. ಅವರಿಗೆ ಹೇಳಲಾಗದ್ದನ್ನು ಅವರ ಹೆಂಡತಿಗಾದರೂ ಹೇಳಲೇಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಅದೂ ಮರಾಠಿಯಲ್ಲಿ. ನನ್ನ ಕನ್ನಡಕ್ಕೆ ಅಷ್ಟು ತುಕ್ಕು ಹಿಡಿದಿತ್ತು.

ಎರಡು ಕೋಣೆಯ ಮನೆ. ಹಾರ್ಮೋನಿಯಂ ಮೇಲೆ ಅದೇ ಬಗೆಯ ಹೂವಿನ ಚಾದರ. ನಾನು ಯಾರೆಂದು ಹೇಳಿ, ಮರಾಠಿಯಲ್ಲಿ ಶುರು ಮಾಡಿದೆ. ಸರ್ ಹೆಂಡತಿ, ಆ ಅಮ್ಮ, ನಡುವೆಯೇ ಕೈ ಎತ್ತಿ ತಡೆದರು.

"ನೀ ಆ ಕಲಬುರಗಿ ಹುಡುಗಿ ಅಲ್ಲೇನ? ಲಟ್ಟಣಗಿ ಹುಡುಗಿ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ನಗುತ್ತಿದ್ದರು.

"ನಾ ಹಾಸ್ಟೆಲ್ಲಿನಾಗ ಅಡಗಿ ಮಾಡ್ತಿದ್ದೆ ಯವ್ವಾ. ಅವರು ಏಳೂದ್ರೊಳಗ ನಾ ಹೋಗಿರ್ತಿದ್ದೆ, ನಾ ಬರೂದ್ರೊಳಗ ಅವರು ಸಾಲಿಗಿ. ಐದೂವರಿಗಿ ಮತ್ತ ರಾತ್ರಿ ಅಡಗಿಗಿ ಹೋಗೂದು. ಐದು ಹತ್ತಕ್ಕ ಅವರು ಬಂದ್ರ ಇಪ್ಪತ್ತ ನಿಮಿಷ ಇಬ್ರೂ ಕೂಡಿ ಚಾ ಕುಡೀತಿದ್ವಿ. ನಾ ಹ್ವಾದಮ್ಯಾಲೆ ಮಗಳ ಜಡಿ ಹಾಕಿ, ರೊಟ್ಟಿ ಬಡದು, ಹುಡುಗರಿಗಿ ಉಣಸಾವರೂ ಅವರೇ. ಅವರು ಬೀದರಿನವರು. ಎಲ್ಲಿಯವರಂತ ಸಾಲ್ಯಾಗ ಯಾರೂ ಕೇಳಿಲ್ಲ, ಅವರೂ ಹೇಳಿಲ್ಲ. ನೀ ಬೈದಿ ನೋಡು, ಅವತ್ತ ನಕ್ಕೋತ ಬಂದ್ರು. 'ಸಾಲ್ಯಾಗ ನಮ್ಮ ಮಾತ ಕೇಳ್ದೆ' ಅಂದ್ರು. ಅಲ್ಲಿಂದ ದಿನಾ ಚಾ ಕುಡಿಯಾಗ ಅದೇ, ಇವತ್ತ ಏನ ಬೈದ್ಳು ಅಂತ ಹೇಳೂದು, ಇಬ್ರೂ ನಗೂದು."

"ಮತ್ತ ಅವರು ನನಗ ಯಾಕ ಹೇಳ್ಲಿಲ್ಲರಿ, ಕನ್ನಡ ಬರ್ತದಂತ?"

"ಗೊತ್ತಾದ್ರ ಬಾಯಿ ಮುಚ್ಚತಾಳ ಅಂತಿದ್ರು. ಹಂಗೇ ಆತು. 'ನಾಸಿಕದಾಗ ಫೋನ್ ಮಾಡಿದ್ದೇ ನಂದು ತಪ್ಪ ಆತು, ಪಾಪ ಆ ಹುಡುಗಿ ಕನ್ನಡ ಬಿಟ್ಟಬಿಟ್ಟಳು' ಅಂತ ಎಷ್ಟ ದಿನ ಪೇಚಾಡಿದ್ರು."

ನಾನು ಕ್ಷಮೆ ಕೇಳಲು ಬಂದವಳು. ಸರ್ ಆ ತಪ್ಪನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡಿದ್ದರು. ಅಲ್ಲೇ ಗೋಡೆಗೆ ಒರಗಿ, ಮಗುವಿನ ಹಾಗೆ ಅತ್ತೆ. ಅಮ್ಮ ಎದ್ದು ಒಳಗೆ ಹೋದರು. ಗಡಿಯಾರದಲ್ಲಿ ಐದು ಹತ್ತು. ಎರಡು ಕಪ್ಪು ಚಹಾ ತಂದು ಒಂದನ್ನು ನನ್ನ ಕೈಗಿಟ್ಟರು.

"ಅಳಬ್ಯಾಡ. ಬೈಯಿ. ಅವರ ಫೋಟೋ ಅಲ್ಲೇ ಅದ ನೋಡು. ಹಳೇದರಂಗ ಒಂದ್ಸಲ ಬೈಯಿ, ನಾನೂ ಕೇಳ್ತೀನಿ."

ಕನ್ನಡ ಬಾಯಿಗೆ ಬರಲು ಒಂದು ಗುಟುಕು ಚಹಾ ಬೇಕಾಯಿತು.

"ಹೆಂಡ್ತಿ ಸೆರಗ ಹಿಡಕೊಂಡ ತಿರಗಾವ್ರು ನೀವು," ಎಂದೆ. "ಆಕೀನ ಬಿಟ್ಟ ಈಗ ಎಲ್ಲಿಗಿ ಓಡಿದ್ರಿ?"