ತಂಗಿಯೊಳಗೆ ನೆಲೆಸಿದವರು

ಚೆನ್ನೈಗೆ ಬಂದ ಹೊಸದರಲ್ಲಿ ರೊಟ್ಟಿ ತಟ್ಟುತ್ತಿದ್ದಾಗ ಕೆಳಮನೆಯಾಕೆ ಓಡಿಬಂದು ಬಾಗಿಲು ಬಡಿದಳು. ಸದ್ದು ಕೇಳಿ, ಗಂಡ ನನ್ನನ್ನು ಹೊಡೆಯುತ್ತಿದ್ದಾನೆ ಅಂದುಕೊಂಡಿದ್ದಳಂತೆ! ನಮ್ಮ ಬೇವೂರಿನಲ್ಲಿ ಆ ಸದ್ದು ನಿಂತರೆ ಮಂದಿ ಗಾಬರಿಯಾಗುತ್ತಾರೆ, ಇಲ್ಲಿ ಕೇಳಿದರೆ. ಗಂಡ ಕಾರ್ಖಾನೆಗೆ ಹೋದಮೇಲೆ ನನಗೆ ಮಾತಿಲ್ಲ, ಕತೆಯಿಲ್ಲ. ಕಡಲ ಗಾಳಿಗೆ ಜೋಳದ ಹಿಟ್ಟೂ ಮುಗ್ಗಾಗುತ್ತಿತ್ತು. ತಮಿಳಿನಲ್ಲಿ ಚೌಕಾಶಿ ಮಾಡಿ ಬದನೆಕಾಯಿ ತಂದ ದಿನ ಒಬ್ಬಳೇ ನಕ್ಕಿದ್ದೆ.

ಆಮೇಲೆ ಕಲಿತ ಮಾತು ‘ಕಲ್ಲೀರಲ್’, ಅಂದರೆ ಲಿವರ್. ಊರಲ್ಲೇ ಮದುವೆಯಾಗಿದ್ದ ತಂಗಿ ನೀಲಾಳದು ಪೂರ್ತಿ ಕೆಟ್ಟಿತ್ತು. ಇಲ್ಲಿಯ ಆಸ್ಪತ್ರೆಗೆ ಕರೆಸಿ ನನ್ನದರಲ್ಲೊಂದು ಭಾಗ ಕೊಟ್ಟೆ.

ಕನ್ನಡ ಬಲ್ಲ ಡಾಕ್ಟರಮ್ಮ ತಿಳಿಸಿ ಹೇಳಿದರು. ರೋಗ ಹೊಕ್ಕ ಜೀವಕೋಶಗಳನ್ನು ಕೊಲ್ಲುವ ಕಾವಲು ಕೋಶಗಳಿಗೆ ‘ನ್ಯಾಚುರಲ್ ಕಿಲ್ಲರ್’ ಎನ್ನುತ್ತಾರೆ. ಕೆಲವು ರಕ್ತದಲ್ಲಿ ತಿರುಗುತ್ತವೆ, ಕೆಲವು ಲಿವರಿನಲ್ಲೇ ನೆಲೆಸಿ ಹೊರಗೆ ಕಾಲಿಡುವುದಿಲ್ಲ. ಕೊಟ್ಟ ತುಂಡಿನೊಂದಿಗೆ ನನ್ನವೂ ಹೋಗಿವೆ, ವರ್ಷಗಟ್ಟಲೆ ಅಲ್ಲೇ ಬಾಳಬಹುದು.

ನೀಲಾ ಹೊಟ್ಟೆ ಮುಟ್ಟಿಕೊಂಡು ನಕ್ಕಳು. “ಅಕ್ಕಾ, ನಿನ್ನ ಮಂದಿ ನನ್ನೊಳಗ ಬಿಡಾರ ಹೂಡ್ಯಾರ!”

“ಭಾಳ ದಿನಾ ಆತು, ಮುಗ್ಗಿದ ಹಿಟ್ಟಿನ ರೊಟ್ಟಿ ತಿಂದು ಸೊರಗ್ಯಾರ. ಊರಿಗೆ ಹೋಗಿ ಛಲೋ ಉಣಸು,” ಎಂದೆ.

ಅವಳು ಹೊರಟಾಗ ಅಕ್ಕಿ, ಕೊಬ್ಬರಿ, ಕುಬಸದ ಬಟ್ಟೆ ಇಟ್ಟು ಉಡಿ ತುಂಬಿದೆ. ತುಂಬಿದ ಉಡಿಯಿಂದ ಒಂದು ಹಿಡಿ ಅಕ್ಕಿ ತವರಲ್ಲಿ ಬಿಡುವುದು ನಮ್ಮ ಮನೆಯ ರೂಢಿ, ಮಗಳು ತಿರುಗಿ ಬರಲಿ ಎಂದು. ನೀಲಾ ಅದನ್ನು ನನ್ನ ಅಡುಗೆಮನೆಯ ಒಂದು ಖಾಲಿ ಡಬ್ಬಿಗೆ ಹಾಕಿದಳು.

“ಹುಚ್ಚೀ, ತವರಮನಿ ಬೇವೂರಾಗೈತಿ.”

“ಅವ್ವ ಒಮ್ಮಿ ಜೀವ ಕೊಟ್ಲು, ನೀ ಇನ್ನೊಮ್ಮಿ ಕೊಟ್ಟಿ. ಇದೂ ತವರಮನೀನ.”

ಕೆಲವು ವರ್ಷ ಚೆನ್ನಾಗಿದ್ದಳು. ಬೇರೆಯವರ ಲಿವರನ್ನು ದೇಹ ಒಲ್ಲೆನ್ನದಿರಲೆಂದು ಕೊಡುವ ಮಾತ್ರೆಗಳು ಮೈಯ ಕಾವಲನ್ನೇ ಮೆತ್ತಗೆ ಮಾಡುತ್ತವೆ. ಹೋದ ಮಳೆಗಾಲದಲ್ಲಿ ಬಂದ ಜ್ವರ ಇಳಿಯಲಿಲ್ಲ. ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಡೆಯ ಉಡಿಯನ್ನೂ ನಾನೇ ತುಂಬಿದೆ. ಅದರಿಂದ ಯಾರೂ ಹಿಡಿ ಅಕ್ಕಿ ತೆಗೆದಿಡುವುದಿಲ್ಲ.

ನಮ್ಮಲ್ಲಿ ಹೂಳುತ್ತಾರೆ. ನನ್ನ ಕಾವಲಿನವರೂ ಅವಳ ಜೊತೆಗೇ ಮಣ್ಣಿಗೆ ಹೋದರು. ಅವರ ಮೇಲೆ ನನಗೆ ಸಿಟ್ಟು ಬಂತು, ಒಬ್ಬಳನ್ನು ಕಾಯಲಾಗಲಿಲ್ಲವೇ ಎಂದು.

ಚೆನ್ನೈಗೆ ಮರಳಿದ ಮೇಲೆ ರೊಟ್ಟಿಗೆ ಕೈ ಹಚ್ಚಲಿಲ್ಲ. ಸದ್ದು ನಿಂತಿತೆಂದು ಕೆಳಮನೆಯಾಕೆ ಮತ್ತೆ ಓಡಿಬಂದಳು. “ಎನ್ನಮ್ಮಾ?” ಎಂದಳು, ಏನಾಯಿತಮ್ಮ ಎಂದು. ಹೇಳಿದೆ. ಅವಳು ಕಣ್ಣೊರೆಸಿಕೊಂಡು, ನನಗೆ ಗಂಜಿ ಮಾಡಲು ಒಲೆ ಹಚ್ಚಿ, ನೀಲಾ ಅಕ್ಕಿ ಹಾಕಿಟ್ಟಿದ್ದ ಆ ಡಬ್ಬಿಗೆ ಕೈಯಿಟ್ಟಳು.

ಅವಳ ಕೈ ಹಿಡಿದುಕೊಂಡೆ. ನನ್ನ ಹರಕು ತಮಿಳಿನಲ್ಲಿ ಅಂದೆ: “ಅದು ಬೇಡ. ನನ್ನ ತಂಗಿ ತಿರುಗಿ ಬರಬೇಕಲ್ಲ.”