ತಿಕೋಟಾದ ದಿನ ಬಿಟ್ಟು ದಿನದ ಗಂಟೆ

ವಿಜಾಪುರದ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮ ಸೋದರಮಾವನ ರೇಡಿಯೋ ರಿಪೇರಿ ಅಂಗಡಿ ಇತ್ತು. ಅಲ್ಲಿ ನನಗೆ ಎರಡು ಕೆಲಸ: ಬೆಸುಗೆ ಹಾಕುವುದು, ಮತ್ತು ಗಿರಾಕಿಗಳು ಹೋದ ಮೇಲೆ ಅವರ ದನಿ ತೆಗೆದು ಮಾವನನ್ನು ನಗಿಸುವುದು. ಎರಡನೆಯದರಲ್ಲಿ ನನ್ನ ಕೈ ಹೆಚ್ಚು ಪಳಗಿತ್ತು. ಬೆಸುಗೆ ಬಿಟ್ಟಾಗ ಮಾವ ಬೈಯುತ್ತಿದ್ದ. ಆ ಬೈಗುಳದ ನಕಲನ್ನು ಅವನಿಗಿಂತ ನಾನೇ ಚೆನ್ನಾಗಿ ಮಾಡುತ್ತಿದ್ದೆ.

ಇಸವಿ ಎಪ್ಪತ್ತೈದೋ ಎಪ್ಪತ್ತಾರೋ ಇರಬೇಕು, ಮಾವ ಸಾಲಿಯ, ಅಂದರೆ ಶಾಲೆಯ, ಗಂಟೆಯನ್ನು ತಾನಾಗಿಯೇ ಹೊಡೆಯುವ ಪೆಟ್ಟಿಗೆಯೊಂದನ್ನು ಸ್ವಂತ ತಲೆಯಿಂದ ಕಟ್ಟಿದ. ಮುಂದೆ ಗಡಿಯಾರದ ಮುಖ, ಒಳಗೆ ಕರೆಂಟಿನಿಂದ ದಿನಕ್ಕೊಂದು ಸುತ್ತು ತಿರುಗುವ ತಗಡಿನ ಗಾಲಿ. ಮುಳ್ಳು ಸರಿಸಿದರೆ ಗಾಲಿಯೂ ಅಷ್ಟೇ ಸರಿಯುತ್ತಿತ್ತು. ಗಾಲಿಯ ಅಂಚಿಗೆ ಮೊಳೆಗಳು. ಮೊಳೆ ಬಂದು ತಾಗಿದಾಗ ಗಂಟೆ. ಯಾವ ಹೊತ್ತಿಗೆ ಹೊಡೆಯಬೇಕೋ ಅಲ್ಲಿ ಮೊಳೆ ಸಿಕ್ಕಿಸಿದರಾಯಿತು. ಪೆಟ್ಟಿಗೆಯ ಪರೀಕ್ಷೆಯೂ ತಾನಾಗಿಯೇ ನಡೆಯುವಂತೆ ಮಾವ ಜೋರಾಗಿ ತಿರುಗುವ ಇನ್ನೊಂದು ಮೋಟರ್ ಇಟ್ಟಿದ್ದ. ಅದನ್ನು ಜೋಡಿಸಿದರೆ ಗಾಲಿಯ ಇಡೀ ವಾರದ ಸುತ್ತು ಒಂದು ಚಹಾ ಕುಡಿಯುವುದರಲ್ಲಿ ಮುಗಿಯುತ್ತಿತ್ತು. ಗಂಟೆಯ ಬದಲು ಬಲ್ಬು ಮಿನುಗುತ್ತಿತ್ತು. ಒಂದು ಮಿಣುಕೂ ತಪ್ಪಿದ್ದಿಲ್ಲ.

ಒಂದು ಪೆಟ್ಟಿಗೆ ಬಬಲೇಶ್ವರದ ಸಾಲಿಗೆ ಹೋಯಿತು, ಇನ್ನೊಂದು ತಿಕೋಟಾದ ಸಾಲಿಗೆ. ಬಬಲೇಶ್ವರದ್ದು ಹೇಳಿದಂತೆ ಕೇಳಿತು. ತಿಕೋಟಾದ್ದು ಮೊದಲ ದಿನ ಹೊಡೆಯಿತು, ಎರಡನೆಯ ದಿನ ಮೌನವ್ರತ ಹಿಡಿಯಿತು. ಬಸ್ಸಿನ ಡ್ರೈವರ್ ಕೈಯಲ್ಲಿ ಸುದ್ದಿ ಬಂದು ಮೂರನೆಯ ದಿನ ನಾವು ಓಡಿದರೆ, ಮಾವನ ಎದುರಿಗೇ ಮದುವೆ ಮನೆಯ ಹಾಗೆ ಬಾರಿಸಿತು. ಮರುದಿನ ಮತ್ತೆ ಮೌನ.

"ನಿಮ್ಮ ಪೆಟಗಿ ದಿನ ಬಿಟ್ಟು ದಿನಾ ಉಪಾಸ ಮಾಡತೈತ್ರಿ," ಎಂದರು ಹೆಡ್‌ಮಾಸ್ತರರು. "ಬರೋ ಸೋಮವಾರದೊಳಗ ಸರಿ ಆಗಲಿಲ್ಲಂದ್ರ ಒಯ್ದ ಬಿಡ್ರಿ. ನಮಗ ಬಾರಸಾಕ ಹಳೇ ರೈಲ ಹಳಿ ತುಂಡಽ ಇರಲಿ."

ಮಾವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತ. "ವಾಪಸ್ ಬಂತಂದ್ರ ಇನ್ನೊಂದ ಪೆಟಗಿ ಕಟ್ಟಾಂಗಿಲ್ಲ ನಾ. ರೇಡಿಯೋದ ಕಿವಿ ಹಿಂಡಕೋತ ಇರತೇನಿ." ಅವನ ನಕಲು ಮಾಡಲು ನನಗೆ ಮನಸ್ಸಾಗದ ದಿನ ಅದೊಂದೇ.

ದೋಷ ಹುಡುಕುವಾಗ ಒಮ್ಮೆಗೆ ಒಂದನ್ನೇ ಬದಲಿಸಬೇಕು ಎಂಬುದು ಅವನ ನಿಯಮ. ಹಾಗಾಗಿ ಬೇರೇನನ್ನೂ ಮುಟ್ಟದೆ ಎರಡೂ ಊರಿನ ಪೆಟ್ಟಿಗೆಗಳನ್ನು ನಾನು ಅದಲುಬದಲು ಮಾಡಿದೆ. ತೊಡೆಯ ಮೇಲೆ ಪೆಟ್ಟಿಗೆ ನೋಡಿದ ಕಂಡಕ್ಟರ್, "ಹೆಣ್ಣ ನೋಡಾಕ ಹೊಂಟೀಯೇನ್ಲೇ, ಇಷ್ಟ ದೊಡ್ಡ ವಾಚ್ ಕಟಗೊಂಡು?" ಎಂದ. ತಿಕೋಟಾದ ಪೆಟ್ಟಿಗೆ ಬಬಲೇಶ್ವರಕ್ಕೆ ಹೋಗಿ ಒಳ್ಳೆಯ ಹುಡುಗನಾಯಿತು. ಬಬಲೇಶ್ವರದ ಸಭ್ಯ ಪೆಟ್ಟಿಗೆ ತಿಕೋಟಾಕ್ಕೆ ಬಂದು ಉಪವಾಸ ಹಿಡಿಯಿತು. ಅಂದರೆ ದೋಷ ಪೆಟ್ಟಿಗೆಯದಲ್ಲ, ಜಾಗದ್ದು.

ಹೆಡ್‌ಮಾಸ್ತರರನ್ನು ಕೇಳಿದೆ. "ರಾತ್ರಿ ಕರೆಂಟ್ ಹೋಗಿ ನಿಂತಿರತೈತಿ. ಮುಂಜಾನೆ ಬಂದು ನಾನಽ ನನ್ನ ವಾಚ್ ನೋಡಿ ಮುಳ್ಳು ಮುಂದ ಸರಸತೇನಿ," ಎಂದರು. ಎದುರಿನ ಹಿಟ್ಟಿನ ಗಿರಣಿಯವನು ಮಾತ್ರ ರಾತ್ರಿ ಕರೆಂಟು ಹೋಗಿಯೇ ಇಲ್ಲ ಎಂದ. ಉಳಿದವನು ಸಾಲಿಯ ಸಿಪಾಯಿ, ಅಂದರೆ ಜವಾನ. ಇಷ್ಟು ವರ್ಷ ಹಳಿ ತುಂಡು ಬಾರಿಸಿದವನು ಅವನೇ, ಆ ಕೆಲಸವನ್ನು ಪೆಟ್ಟಿಗೆ ಕಸಿದಿತ್ತು, ಹಾಗಾಗಿ ಮಾಸ್ತರರಿಗೆ ಅವನ ಮೇಲೆ ಗುಮಾನಿ. ಅವನು ಧೋತರದ ಚುಂಗಿನಿಂದ ಪೆಟ್ಟಿಗೆ ಒರೆಸುತ್ತ ನಿಂತಿದ್ದ.

"ಕಾಕಾ, ಸಂಜೀಕ ಹೋಗೂ ಮುಂದ ಮೇನ್ ಸ್ವಿಚ್ ಬಂದ್ ಮಾಡತೀರೇನು?"

"ಬಂದ್ ಯಾಕ ಮಾಡ್ಲೋ ತಮ್ಮಾ? ಅಂಥಾ ಮಾತ ಆಡಬಾರದು. ನಾ ದಿನಾ ದೊಡ್ಡದು ಮಾಡೇ ಹೋಗತೇನಿ."

ನಮ್ಮ ಅಂಗಡಿಯಲ್ಲಿ 'ದೊಡ್ಡದು ಮಾಡು' ಎಂದರೆ ರೇಡಿಯೋದ ಕಿವಿ ತಿರುಗಿಸಿ ದನಿ ಏರಿಸುವುದು. ಮುದುಕ ಸ್ವಿಚ್ಚಿಗೂ ಅಂಥದೊಂದು ಕಿವಿ ಇದೆ ಎಂದುಕೊಂಡಿದ್ದಾನೆ, ಪೂರ್ತಿ ಏರಿಸಿಟ್ಟು ಹೋಗುತ್ತಾನೆ ಎಂದು ನಾನು ಒಳಗೊಳಗೇ ನಕ್ಕೆ. ನಕಲಿಗೆ ಹೊಸ ಸರಕು ಸಿಕ್ಕಿತು.

ಸಂಜೆ ಮನೆಯಲ್ಲಿ ರೊಟ್ಟಿ ತಿನ್ನುತ್ತ ಅದನ್ನೇ ಆಡಿ ತೋರಿಸಿದೆ: ಧೋತರದ ಚುಂಗು, ಓರೆ ಕುತ್ತಿಗೆ, "ದೊಡ್ಡದು ಮಾಡೇ ಹೋಗತೇನಿ" ಎಂಬ ಎಳೆತ. ಮಾವ ಕೂಡ ಸ್ವಲ್ಪ ನಕ್ಕ. ಅಜ್ಜಿ ನಗಲಿಲ್ಲ.

"ಶಾಣ್ಯಾ ಅದಾನವ. ಬಂದ್ ಮಾಡೂದು, ಆರಸೂದು ಅಂತ ದೀಪಕ್ಕ ಯಾರರೆ ಅಂತಾರೇನು?"

"ಮತ್ತ ಏನಂತಾರ ಬೇ?"

"ದಿನಾ ನಾ ನಿನಗ ಏನ ಹೇಳತೇನೋ? ಮಲಗೂ ಮುಂದ ಕಂದೀಲ ದೊಡ್ಡದು ಮಾಡಿ ಬಾ ಅನ್ನಾಂಗಿಲ್ಲೇನು?"

ಹೌದು. ಹುಟ್ಟಿದಾಗಿನಿಂದ ಕೇಳಿದ ಮಾತು. ದೀಪಕ್ಕೆ 'ಆರಿಸು' ಎನ್ನುವುದು ಅಪಶಕುನ, ಅದಕ್ಕೇ ಕಂದೀಲು ದೊಡ್ಡದು ಮಾಡು ಎಂದರೆ ಊದಿ ಆರಿಸು. ಎಷ್ಟೋ ಸಲ ಊದಿದವನು ನಾನೇ. ಅಂಗಡಿಯ ಮಾತನ್ನು ತಿಕೋಟಾಕ್ಕೆ ಹೊತ್ತುಕೊಂಡು ಹೋಗಿದ್ದೆ, ಅಷ್ಟೇ. ಊರಿಗೆಲ್ಲ ಕಿವಿ ಕೊಟ್ಟು ದನಿ ಕದಿಯುವ ಮಹಾಶಯನಿಗೆ ಮನೆಯ ಮಾತೇ ಕೇಳಿಸಿರಲಿಲ್ಲ.

ಮಾವ ತಟ್ಟೆಯಲ್ಲೇ ಬೆರಳಿನಿಂದ ಗಾಲಿ ಬರೆದ. ಸಿಪಾಯಿ ಸಂಜೆ ಐದಕ್ಕೆ ಮೇನ್ ಸ್ವಿಚ್ ಇಳಿಸುತ್ತಾನೆ, ಗಾಲಿ ಅಲ್ಲೇ ನಿಲ್ಲುತ್ತದೆ. ಬೆಳಿಗ್ಗೆ ಮಾಸ್ತರರು ಮುಳ್ಳನ್ನು ಐದರಿಂದ ಹತ್ತಕ್ಕೆ ತರುತ್ತಾರೆ. ಮುಖ ಹತ್ತು ಎನ್ನುತ್ತದೆ, ಆದರೆ ಒಳಗಿನ ಗಾಲಿಗೆ ಅದು ರಾತ್ರಿಯ ಹತ್ತು. ರಾತ್ರಿಗೆ ಮೊಳೆ ಎಲ್ಲಿದೆ? ದಿನವಿಡೀ ಮೌನ. ಮತ್ತೆ ಸಂಜೆ ನಿಂತಾಗ ಗಾಲಿಯ ಲೆಕ್ಕದಲ್ಲಿ ಬೆಳಗಿನ ಐದು. ಮರುದಿನ ಹತ್ತಕ್ಕೆ ತಂದರೆ ಬೆಳಗಿನ ಹತ್ತೇ, ಗಂಟೆ ಸರಿ! ಬಬಲೇಶ್ವರದಲ್ಲಿ ಅಂಗಳದ ದೀಪ ಬೆಳತನಕ ಉರಿಯುವುದರಿಂದ ಅಲ್ಲಿ ಸ್ವಿಚ್ಚನ್ನು ಯಾರೂ ಮುಟ್ಟುತ್ತಿರಲಿಲ್ಲ. ನಮ್ಮ ಅಂಗಡಿಯ ಪರೀಕ್ಷೆಯಲ್ಲಂತೂ ಸಂಜೆ ಮನೆಗೆ ಹೋಗುವ ಸಿಪಾಯಿಯೇ ಇರಲಿಲ್ಲ.

ಮರುದಿನ ಪೆಟ್ಟಿಗೆಯ ತಂತಿಯನ್ನು ಮೇನ್ ಸ್ವಿಚ್ಚಿನ ಹಿಂದಿನಿಂದಲೇ ಎಳೆದೆವು. ಇನ್ನು ಸಿಪಾಯಿ ಎಷ್ಟೇ ದೊಡ್ಡದು ಮಾಡಿದರೂ ಗಾಲಿ ನಿಲ್ಲುವಂತಿರಲಿಲ್ಲ. ಅವನ ಮೇಲೆ ಗುಮಾನಿ ಪಟ್ಟದ್ದಕ್ಕೆ ಮಾಸ್ತರರು ಅವನಿಗೂ ನಮಗೂ ಚಹಾ ತರಿಸಿದರು. ಮೌನದ ಸರದಿ ಇದ್ದ ದಿನವೂ ಗಂಟೆ ಹೊಡೆಯಿತು. ಸೋಮವಾರವೂ ಹೊಡೆಯಿತು.

ಪೆಟ್ಟಿಗೆ ವಾಪಸ್ ಬರಲಿಲ್ಲ. ಮಾವ ಹೊನವಾಡದ ಸಾಲಿಗೆ ಹೊಸದೊಂದನ್ನು ಕಟ್ಟಲು ತಗಡು ಕತ್ತರಿಸತೊಡಗಿದ. ಅಂದಿನಿಂದ ನಮ್ಮ ಪರೀಕ್ಷೆಗೆ ಒಂದು ಸಂಜೆ ಸೇರಿತು: ಗಾಲಿ ಐದಕ್ಕೆ ಬಂದಾಗ ನಾನು ಓರೆ ಕುತ್ತಿಗೆ ಮಾಡಿ ಎದ್ದು, ಸಿಪಾಯಿಯ ದನಿಯಲ್ಲಿ "ದೊಡ್ಡದು ಮಾಡೇ ಹೋಗತೇನಿ" ಎಂದು ಹೇಳಿ, ಸ್ವಿಚ್ ಇಳಿಸಬೇಕು.

ಮುಂದೊಮ್ಮೆ ತಿಕೋಟಾಕ್ಕೆ ಹೋದಾಗ ಸಿಪಾಯಿ ಹುಡುಗರ ನಡುವೆ ನಿಂತು, ಗಂಟಲು ತೆಳ್ಳಗೆ ಮಾಡಿ, ಪ್ಯಾಂಟು ಏರಿಸಿಕೊಳ್ಳುವವನಂತೆ ಧೋತರ ಏರಿಸುತ್ತ ಹೇಳುತ್ತಿದ್ದ: "ಕಾಕಾ, ಮೇನ್ ಸ್ವಿಚ್ ಬಂದ್ ಮಾಡತೀರೇನು?"

ಥೇಟ್ ನಾನೇ. ಅವನಿಗೆ ಬೆಸುಗೆಯೂ ನನಗಿಂತ ಚೆನ್ನಾಗಿ ಬರುತ್ತಿದ್ದರೆ ಮಾವ ನನ್ನ ಬದಲು ಅವನನ್ನೇ ಅಂಗಡಿಗೆ ಕರೆದುಕೊಳ್ಳುತ್ತಿದ್ದ.