ಎಮ್ಮೆಯ ಕೊಂಬಿಗೆ ಮಲ್ಲಿಗೆ

ಮೊನ್ನೆ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ಖುಷಿಯಿಂದ ಕೂತರೆ, ಮುಂದಿನ ಸೀಟಿನ ಹೆಣ್ಣುಮಗಳ ಜಡೆಯಲ್ಲಿ ಮಾರುದ್ದ ಮಲ್ಲಿಗೆ. ಆಗಷ್ಟೇ ತಲೆಗೆ ಎರಕೊಂಡು ಬಂದಿದ್ದಳೇನೋ, ಒದ್ದೆ ಕೂದಲಲ್ಲಿ ಹೂವು ಇನ್ನೂ ಜೋರಾಗಿ ಘಮಘಮಿಸುತ್ತಿತ್ತು. ಬಸ್ಸು ಹೊರಟದ್ದೇ ತಡ, ಆ ವಾಸನೆಯೆಲ್ಲ ಗಾಳಿಯ ಜೊತೆ ನೇರ ನನ್ನ ಮುಖಕ್ಕೆ ಬಂತು. ನನ್ನ ಕೈ ತಾನಾಗಿಯೇ ಸೆರಗಿನೊಳಗೆ ಹೋಗಿ ಎಡಗಡೆಯ ಎದೆಯನ್ನು ಒತ್ತಿ ಹಿಡಿಯಿತು. ನಗಬೇಡಿ. ನನ್ನ ಮಗಳು ಈಗ ಮೂರನೇ ಕ್ಲಾಸು, ಅವಳು ಹಾಲು ಬಿಟ್ಟು ಯಾವ ಕಾಲವಾಯಿತು. ಆದರೂ ಮಲ್ಲಿಗೆಯ ವಾಸನೆ ಬಂದರೆ ಆ ಕಡೆ ಏನೋ ಸೆಳೆದಂತಾಗುತ್ತದೆ. ಉಳಿದ ಹೆಂಗಸರು ಮಲ್ಲಿಗೆ ಕಂಡರೆ ಮುಖ ಅರಳಿಸುತ್ತಾರೆ, ನಾನು ಸೀಟು ಬದಲಿಸುತ್ತೇನೆ. ಮೊನ್ನೆ ಬದಲಿಸೋಣವೆಂದರೆ ಬಸ್ಸು ತುಂಬಿತ್ತು.

ಹೊರಟಿದ್ದು ತವರಿಗೆ, ಸಂತೆಕಲ್ಲೂರಿಗೆ. ಮಸ್ಕಿಯಲ್ಲಿ ಇಳಿದು ಆಟೋ ಹತ್ತಬೇಕು. ತಂಗಿ ರೇಣುಕಾ ಬಾಣಂತನಕ್ಕೆಂದು ಅಲ್ಲಿದ್ದಾಳೆ. ಹಿಂದಿನ ದಿನ ಅವ್ವ ಫೋನು ಮಾಡಿದ್ದಳು.

“ರೇಣುಕಾಗ ಎದಿ ಬಾತೈತಿ. ಮೈ ಅಂಬೋದು ಕೆಂಡ ಆಗೇತಿ. ನೀ ರಜಾ ಹಾಕಿ ಬಾ ಯವ್ವಾ.” ಆಮೇಲೆ, “ಬರೋವಾಗ ಹೂವು ಗೀವು ತರಬ್ಯಾಡ” ಎಂದಳು.

ನಾನು ನಕ್ಕುಬಿಟ್ಟೆ. ಅವ್ವ ನಗಲಿಲ್ಲ, ಫೋನಿಟ್ಟಳು.

ನಾನು ಸಿಂಧನೂರಿನ ಒಂದು ಶಾಲೆಯಲ್ಲಿ ಕನ್ನಡ ಟೀಚರು. ಹೆಡ್‌ಮಾಸ್ತರರು ರಜೆ ಯಾಕೆಂದು ಕೇಳಿದಾಗ, ಕನ್ನಡ ಕಲಿಸುವ ನನಗೇ ಕನ್ನಡ ಸಿಗಲಿಲ್ಲ. “ತಂಗಿಗೆ ಆರಾಮಿಲ್ರೀ ಸರ್” ಎಂದು ತಲೆ ತಗ್ಗಿಸಿದೆ. ನೋಡಿ, ಎಮ್ಮೆಗೆ ಇದೇ ಬ್ಯಾನೆ ಬಂದರೆ ಕೆಚ್ಚಲುಬಾವು ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿ ಹೇಳುತ್ತಾರೆ, ದನದ ಡಾಕ್ಟರಿಗೆ ಫೋನು ಮಾಡುತ್ತಾರೆ, ಹಾದಿಯಲ್ಲಿ ಹೋಗುವವರೂ ನಿಂತು ನಾಲ್ಕು ಮಾತು ಸಲಹೆ ಕೊಡುತ್ತಾರೆ. ಹೆಂಗಸಿಗೆ ಬಂದರೆ ಮಾತ್ರ ಎಲ್ಲರ ದನಿಯೂ ಇಳಿದುಹೋಗುತ್ತದೆ.

ಎಮ್ಮೆಯ ಮಾತು ಬಂತಲ್ಲ, ನನ್ನದೂ ಒಂದು ಹೇಳಿಬಿಡುತ್ತೇನೆ. ನಾನು ಎಮ್ಮೆ ಹಾಲಿನ ಕೂಸು. ತಾಯಿಯ ಹಾಲು ಕುಡಿದದ್ದು ಬಾಣಂತನದ ಮೊದಮೊದಲಿನ ಕೆಲವೇ ದಿನವಂತೆ, ಆಮೇಲೆಲ್ಲ ಎಮ್ಮೆಯದೇ. ಕರೆದ ತಕ್ಷಣ ನಾನು ತಿರುಗಿ ನೋಡದಿದ್ದರೆ ಅಪ್ಪ, “ಎಮ್ಮಿ ಹಾಲು ಕುಡದೈತಿ ತಾಯಿ, ತಿರಗಾಕ ಒಂದು ತಾಸು ಬೇಕು” ಎನ್ನುತ್ತಿದ್ದ. ಬಂದವರೆಲ್ಲ ನಗುತ್ತಿದ್ದರು, ಅವರಿಗಿಂತ ಜೋರಾಗಿ ನಾನೇ ನಗುತ್ತಿದ್ದೆ. ಈಗಲೂ ಕ್ಲಾಸಿನಲ್ಲಿ ಮಕ್ಕಳು ತೂಕಡಿಸಿದರೆ ಇದನ್ನೇ ಹೇಳಿ ಎಬ್ಬಿಸುತ್ತೇನೆ. ಅವ್ವ ಮಾತ್ರ ಆ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಅವ್ವನ ಸ್ವಭಾವವೇ ಬಿಗಿ ಎಂದುಕೊಂಡಿದ್ದೆ.

ನನ್ನ ಬಾಣಂತನವೂ ಸಂತೆಕಲ್ಲೂರಿನಲ್ಲೇ ಆಯಿತು. ಬಾಣಂತಿ ಎಂದರೆ ಮಲಗುವವಳು ಎಂದು ತಿಳಿದಿದ್ದೆ. ಮಲಗುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ನಡೆಯಿತು. ಬಿಸಿಬಿಸಿ ನೀರಿನ ಸ್ನಾನ, ಕಣ್ಣುರಿಯುವಷ್ಟು ಹೊಗೆ, ಕಿವಿಗೆ ಬಟ್ಟೆ, ಬೆಳ್ಳುಳ್ಳಿ ಹಾಕಿದ ಸಬ್ಬಸಿಗೆ ಪಲ್ಯ, ಅಂಟಿನುಂಡಿ. ನಡುನಡುವೆ ನೋಡಲು ಬಂದವರು. ಅವರಲ್ಲಿ ಒಬ್ಬರು ಕೂಸು ಅಪ್ಪನ ಹಾಗಿದೆ ಎಂದರೆ ಇನ್ನೊಬ್ಬರು ಬಹಳ ಬಡವಾಗಿದೆ ಎನ್ನುತ್ತಿದ್ದರು. ಬಡವಾಗಿದ್ದದ್ದು ನಿಜ. ಹುಟ್ಟುವಾಗಲೇ ಸಣ್ಣದು, ಎರಡೂ ಕಡೆ ಕುಡಿದರೂ ಸಾಲದು. ಇವಳಿಗೆ ನನ್ನ ಹಾಲಾದರೂ ಹೊಟ್ಟೆ ತುಂಬ ಸಿಗಲಿ ಎಂಬುದೊಂದೇ ಆಗ ನನಗಿದ್ದ ಆಸೆ. ಉಳಿದ ಆಸೆಗಳನ್ನೆಲ್ಲ ದಣಿವು ತಿಂದುಹಾಕಿತ್ತು.

ಒಂದು ಬೆಳಿಗ್ಗೆ ಎದ್ದರೆ ಎಡಗಡೆ ಎದೆ ಕಲ್ಲಾಗಿತ್ತು. ಕೆಂಪಗೆ ಊದಿಕೊಂಡು ಸುಡುತ್ತಿತ್ತು. ಕುಪ್ಪಸದ ಬಟ್ಟೆ ಸೋಕಿದರೂ ಜೀವ ಹೋದಂತಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹಲ್ಲು ಕಟಕಟ ಎನ್ನುವಂಥ ಚಳಿಜ್ವರ. ಕೂಸು ಅಳುತ್ತಿತ್ತು, ಎತ್ತಿಕೊಳ್ಳಲು ತೋಳು ಏಳುತ್ತಿರಲಿಲ್ಲ. ಆ ದಣಿವನ್ನು ಹೇಗೆ ಹೇಳಲಿ? ಯಾರಾದರೂ ಬಂದು ಈ ದೇಹವನ್ನು ಸ್ವಲ್ಪ ಹೊತ್ತು ತಾವಿಟ್ಟುಕೊಂಡು ನನ್ನನ್ನು ಬಿಡಲಿ ಅನ್ನಿಸುತ್ತಿತ್ತು.

ಲಿಂಗಸುಗೂರಿನ ಡಾಕ್ಟರು ಇನ್ನೂ ಚಿಕ್ಕ ಹುಡುಗಿ. ಮುಟ್ಟಿ ನೋಡಿ ಮಾತ್ರೆ ಬರೆದುಕೊಟ್ಟರು. “ಪೂರ್ತಿ ಮುಗಿಸ್ಬೇಕು. ಹಾಲು ನಿಲ್ಲಿಸ್ಬೇಡಿ, ಆ ಕಡೆನೂ ಕುಡಿಸಿ. ಮಗುಗೆ ಏನೂ ಆಗಲ್ಲ. ಗಡ್ಡೆ ಇಳೀದಿದ್ರೆ ತಕ್ಷಣ ಬನ್ನಿ” ಎಂದರು. ಅವ್ವ ಎಲ್ಲದಕ್ಕೂ ತಲೆಯಾಡಿಸಿ ಹೊರಗೆ ಬಂದವಳೇ, “ಆ ಹುಡುಗಿ ಎಷ್ಟು ಹಡದಾಳಂತ?” ಎಂದು ನನ್ನನ್ನೇ ಕೇಳಿದಳು. ಮಾತ್ರೆ ಕೊಂಡಳು. ಮಸ್ಕಿಯಲ್ಲಿ ಇಳಿದಾಗ ಮಲ್ಲಿಗೆಯನ್ನೂ ಕೊಂಡಳು.

ಮಲ್ಲಿಗೆ ಹೂವನ್ನು ಎದೆಗೆ ಕಟ್ಟಿದರೆ ಹಾಲು ಬತ್ತುತ್ತದೆ ಎನ್ನುತ್ತಾರೆ. ಕೂಸು ಕಳಕೊಂಡವರಿಗೆ ಕಟ್ಟುವುದುಂಟು, ಹಾಲು ಬಿಡಿಸುವವರಿಗೆ ಕಟ್ಟುವುದುಂಟು. ಮನೆಗೆ ಬಂದಾಗ ಪಕ್ಕದ ಮನೆಯ ಹುಸೇನಬಿ ಚಾಚಿ ಕೂಸನ್ನು ತಟ್ಟುತ್ತ ಕೂತಿದ್ದಳು. ಹೂವು ನೋಡಿ, “ಕಟ್ಟಿಸ್ಕೊಂಡುಬಿಡು ಬೇಟಿ, ಬಾವು ಇಳಿತೈತಿ. ಕೂಸಿಗೆ ಎಮ್ಮಿ ಹಾಲು ಐತಲ್ಲ, ಫಿಕರ್ ಮಾಡಬ್ಯಾಡ” ಎಂದಳು. ಒಳ್ಳೆಯದಕ್ಕೇ ಹೇಳಿದಳು, ಅದರಲ್ಲಿ ಸುಳ್ಳಿಲ್ಲ. ಮುಚ್ಚಿದ ಕೋಣೆಯಲ್ಲಿ ಹೊಗೆ, ಬೆಳ್ಳುಳ್ಳಿ, ಜ್ವರದ ಬೆವರು, ಎಲ್ಲದರ ಮೇಲೆ ಆ ಮಲ್ಲಿಗೆ ವಾಸನೆ ಹರಡಿಕೊಂಡಿತು. ಅವ್ವ ಹೂವು, ಹಳೆಯ ಸೀರೆಯ ತುಂಡು ಹಿಡಿದು ಹತ್ತಿರ ಬಂದಳು. ಎಲ್ಲಿತ್ತೋ ಏನೋ, ನನಗೆ ಸಿಟ್ಟು ಬಂತು.

“ಬೇ ಅವ್ವಾ, ಎಮ್ಮಿಗೆ ಬಾವು ಬಂದ್ರ ನೀ ಏನ್ ಮಾಡ್ತಿ?”

“ಹಿಂಡತೀನಿ. ಒಳಗ ನಿಂತ್ರ ಕೆಡತೈತಿ.”

“ಹೂ ಕಟ್ಟತೀ ಏನು?”

“ಆ ಹಾಲು ನಾವು ಚೆಲ್ಲತೀವಿ. ಕರುಕ್ಕ ಕುಡಿಯಾಕ ಬಿಡಂಗಿಲ್ಲ.”

“ಚೆಲ್ಲಿದ್ರೂ ಹಿಂಡತೀಯಲ್ಲ? ಎಮ್ಮಿಗಿರೋ ನ್ಯಾಯ ನನಗಿಲ್ಲೇನು? ಕೂಸಿಗೆ ಏನೂ ಆಗಂಗಿಲ್ಲಂತ ಡಾಕ್ಟ್ರು ಹೇಳ್ಯಾರ. ಕಟ್ಟಬ್ಯಾಡ ನನಗ!”

“ನಿನ್ನ ಜೀವ ಉಳದ್ರ ಸಾಕು ನನಗ” ಎಂದಳು ಅವ್ವ. ಹಾಗೆ ಅಂದವಳು ಹೂವನ್ನು ಹಿಡಿದುಕೊಂಡೇ ನನ್ನ ಮುಖ ನೋಡುತ್ತ ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈಯದೆ ಹೊರಗೆ ನಡೆದಳು. ಸ್ವಲ್ಪ ಹೊತ್ತಿಗೆ ಹುಸೇನಬಿ ಚಾಚಿ ಬಿದ್ದು ಬಿದ್ದು ನಗುವುದು ಕೇಳಿ ಬಾಗಿಲಿಗೆ ಬಂದು ಇಣುಕಿದರೆ, ಅವ್ವ ಆ ಮಲ್ಲಿಗೆಯನ್ನು ಎಮ್ಮೆಯ ಕೊಂಬಿಗೆ ಸುತ್ತುತ್ತಿದ್ದಳು. ಅವ್ವ ಮಲ್ಲಿಗೆ ಮುಡಿಯುವವಳಲ್ಲ. ತಲೆ ಸಿಡಿಯುತ್ತದೆ ಎಂದು ಬರೀ ಅಬ್ಬಲಿಗೆ ಮುಡಿಯುತ್ತಾಳೆ. ಹೂವಿಗೆ ಬೇರೆ ದಿಕ್ಕಿರಲಿಲ್ಲ. ಎಮ್ಮೆ ಮದುವಣಗಿತ್ತಿಯ ಗತ್ತಿನಲ್ಲಿ ತಲೆಯಾಡಿಸಿತು. ಸಂಜೆಯೊಳಗೆ ಕರು ಅದನ್ನು ತಿಂದು ಮುಗಿಸಿತ್ತು.

ಅವ್ವ ಕೈ ತೊಳೆದು ಬೋಗಾಣಿಯಲ್ಲಿ ಬಿಸಿನೀರು ತಂದಳು. ಬಟ್ಟೆ ಹಿಂಡಿ ಎದೆಯ ಮೇಲಿಟ್ಟು, ಕೂಸನ್ನು ಎತ್ತಿ ಆ ಕಡೆಗೇ ಹಚ್ಚಿದಳು. ಹೆರಿಗೆ ನೋವು ಮರೆತಿದ್ದೇನೆ, ಆ ನೋವು ಮರೆತಿಲ್ಲ. ಕಾಲ್ಬೆರಳು ಮಡಚಿಕೊಂಡವು. ಅವ್ವ ನನ್ನ ಪಾದ ಹಿಡಿದು ಕೂತಳು. ಕೂಸು ಕುಡಿಯಿತು. ಮತ್ತೆ ಮತ್ತೆ ಕುಡಿಯಿತು. ಮಾತ್ರೆಯೂ ನಾಟಿ, ಕೆಲವು ದಿನಗಳಲ್ಲಿ ಗಡ್ಡೆ ಕರಗಿತು. ಮಗಳು ಓಡಾಡುವ ತನಕ ನನ್ನ ಹಾಲು ಕುಡಿದಳು, ಬೇಸರ ಬಂದಾಗ ತಾನೇ ಬಿಟ್ಟಳು. ನಾನು ಈ ಕತೆಯನ್ನು ಸಿಂಧನೂರಿನ ಗೆಳತಿಯರಿಗೆಲ್ಲ ಹೇಳಿದ್ದೇನೆ. ನಾನು ಅವ್ವನನ್ನು ಮಾತಿನಲ್ಲಿ ಸೋಲಿಸಿದ್ದು, ಎಮ್ಮೆ ಹೂ ಮುಡಿದದ್ದು. ಹೇಳಿದಾಗಲೆಲ್ಲ ಎಮ್ಮೆಯ ಗತ್ತು ಇನ್ನಷ್ಟು ಹೆಚ್ಚಾಗುತ್ತಿತ್ತು.

ಬಸ್ಸು ಮಸ್ಕಿ ಮುಟ್ಟಿತು. ಆಟೋದಲ್ಲಿ ಕುಲುಕಿಸಿಕೊಂಡು ಮನೆಗೆ ಬಂದಾಗ ರೇಣುಕಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಡಾಕ್ಟರಿಗೆ ತೋರಿಸಿ ಮಾತ್ರೆ ಶುರುವಾಗಿತ್ತು. ನನ್ನನ್ನು ನೋಡಿದ್ದೇ ಅವಳ ಕಣ್ಣು ತುಂಬಿತು.

“ಅಕ್ಕಾ, ಸಾಕಾಗೇತಿ ನನಗ. ಹೂ ಕಟ್ಟಿಬಿಡು ಅಂತ ಅವ್ವಗ ಹೇಳು. ನನ್ನ ಕೂಸೂ ಎಮ್ಮಿ ಹಾಲು ಕುಡೀಲಿ. ನೀ ಬೆಳದಿಲ್ಲೇನು?”

ಬೆಳೆದೆನಲ್ಲ ಎಂದು ನಗಿಸಲು ಬಾಯಿ ತೆರೆದಿದ್ದೆ. ಅದೇ ಹಳೆಯ ಬೋಗಾಣಿಯಲ್ಲಿ ಬಟ್ಟೆ ಹಿಂಡುತ್ತಿದ್ದ ಅವ್ವ ತಲೆಯೆತ್ತದೆ ಮಾತಾಡಿದಳು.

“ಅಕಿ ಎಮ್ಮಿ ಹಾಲು ಯಾಕ ಕುಡದ್ಲು ಗೊತ್ತೈತೇನು? ಅಕಿನ ಹಡದಾಗ ನನಗೂ ಹಿಂಗ ಆಗಿತ್ತು. ನಮ್ಮವ್ವ ಹೂ ಕಟ್ಟಿದ್ಲು. ಒಂದು ಕಡಿಗಂತ ಕಟ್ಟಿದ್ಲು, ಎರಡೂ ಕಡೆ ಬತ್ತಿಹೋತು. ಜ್ವರ ಇಳದು ನಾ ಉಳದೆ. ಇಕಿ ಎದಿಗೆ ಬಾಯಿ ಹಾಕತಿದ್ಲು. ಚೀಪತಿದ್ಲು, ಏನೂ ಬರಲಿಲ್ಲಂದ್ರ ನನ್ನ ಮಾರಿ ನೋಡಿ ಅಳತಿದ್ಲು. ಮತ್ತ ಚೀಪತಿದ್ಲು. ನನ್ನ ಮೈಯೆಲ್ಲ ಮಲ್ಲಿಗಿ ವಾಸನಿ.”

ಅವ್ವ ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದಿದಳು.

“ನಿನಗ ಬಂದಾಗ ಹೆದರಿಕಿಗೆ ನನಗೂ ಮತ್ತೇನೂ ತಿಳೀಲಿಲ್ಲ” ಎಂದು ಅವ್ವ ನನ್ನತ್ತ ತಿರುಗಿದಳು. “ನಮ್ಮವ್ವ ಮಾಡಿದ್ದ ಮಾಡಾಕ ಬಂದೆ. ನೀ ಬ್ಯಾಡ ಅಂದಿ. ನನಗ ಆವಾಗ ಹಂಗ ಅನ್ನಾಕ ಬಾಯಿ ಇರಲಿಲ್ಲ.”

“ಇಷ್ಟು ದಿನ ನನಗ್ಯಾಕ ಹೇಳಲಿಲ್ಲ ಬೇ?”

“ಎಮ್ಮಿ ಹಾಲಿನ ಕೂಸು ಅಂತ ನೀನ ನಕ್ಕೋತ ಅಡ್ಡಾಡತಿದ್ದಿ. ನಿನ್ನ ನಗಿ ಯಾಕ ಕೆಡಸಲಿ ಅಂತ ಬಿಟ್ಟೆ.”

ರೇಣುಕಾ ತಾನಾಗಿಯೇ ಎದ್ದು ಕೂತು ಕೂಸಿಗೆ ಕೈ ಚಾಚಿದಳು. ಬಾತ ಕಡೆಗೇ ಹಚ್ಚಿಕೊಂಡಳು. ಅವಳ ಕಾಲ್ಬೆರಳು ಮಡಚಿಕೊಂಡವು. ಅವ್ವ ಒಂದು ಪಾದ ಹಿಡಿದಳು, ನಾನು ಇನ್ನೊಂದನ್ನು ಹಿಡಿದೆ. ಗುಟುಕರಿಸುವ ಸದ್ದು ಕೇಳುವ ತನಕ ಮೂವರೂ ಉಸಿರು ಹಿಡಿದು ಕೂತಿದ್ದೆವು.

ತಾಯಿ ಕೂಸು ಎರಡೂ ನಿದ್ದೆ ಹೋದ ಮೇಲೆ ಅವ್ವ ಗೋಡೆಗೆ ಒರಗಿ ಕಾಲು ಚಾಚಿದಳು. ಎಷ್ಟು ದಿನದಿಂದ ಅವಳು ಬೆನ್ನು ನೆಲಕ್ಕೆ ಹಚ್ಚಿಲ್ಲವೋ. ನನಗೂ ಬಸ್ಸಿನ ದಣಿವು, ಅದಕ್ಕಿಂತ ಹಳೆಯ ದಣಿವು. ಕ್ಲಾಸಿನಲ್ಲಿ ಇನ್ನು ಮೇಲೆ ಆ ಎಮ್ಮೆಯ ಮಾತನ್ನು ಹೇಗೆ ಹೇಳುವುದೋ ತಿಳಿಯಲಿಲ್ಲ. ನನ್ನ ತಲೆಯಲ್ಲೂ ಬಿಳಿಕೂದಲು ಬಂದಿದೆ ಎಂಬುದನ್ನು ಮರೆತು, ಹೋಗಿ ಅವ್ವನ ಎದೆಗೆ ಮುಖವಿಟ್ಟುಕೊಂಡು ಮಲಗಿದೆ. ಸೀರೆಯಲ್ಲಿ ಹೊಗೆಯ ವಾಸನೆ, ಕೊಟ್ಟಿಗೆಯ ವಾಸನೆ ಇತ್ತು.

ಅವ್ವ ನನ್ನ ತಲೆಯ ಮೇಲೆ ಕೈಯಿಟ್ಟು, “ಯಾಕ ಯವ್ವಾ, ಹಸದೀ ಏನು?” ಎಂದಳು.

ಇಲ್ಲ, ದಣಿವಾಗಿದೆ ಅಷ್ಟೇ ಎನ್ನಬೇಕೆಂದಿದ್ದೆ. “ಹೂಂ” ಎಂದೆ.